ಪಲ್ಲಾಡಿಯಂ ಅಣ್ಣ, ಅಯೋಡಿನ್ ತಮ್ಮ

ಹರ್ನಿಯಾ ಆಪರೇಷನ್ನಿಗೆ ಮುಂಚೆ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಒಂದು ಅಂಕಿ ಜಾಸ್ತಿ ಬಂತು. ಆಮೇಲೆ ಸೂಜಿ ಹಾಕಿ ಚೂರು ತೆಗೆದು ನೋಡಿದರು. ಅದರ ಮಾರನೆಯ ವಾರ ಡಾಕ್ಟರು ಗಾಜಣ್ಣನನ್ನು ಕೂರಿಸಿಕೊಂಡು, ಪೆನ್ನಿನ ಮುಚ್ಚಳವನ್ನು ತೆಗೆಯುವುದು ಹಾಕುವುದು ಮಾಡುತ್ತಾ, ಪ್ರಾಸ್ಟೇಟ್ ಗ್ರಂಥಿಯಲ್ಲಿ ಕ್ಯಾನ್ಸರ್ ಇದೆ ಎಂದರು.

"ಶುರುವಿನ ಹಂತ. ಗ್ರಂಥಿ ಬಿಟ್ಟು ಆಚೆ ಹೋಗಿಲ್ಲ. ಹೆದರೋಂಥದ್ದೇನೂ ಇಲ್ಲ" ಎಂದು ಅವರು ಹೇಳುತ್ತಲೇ ಇದ್ದರು. ಗಾಜಣ್ಣನ ಕಿವಿಗೆ ಕ್ಯಾನ್ಸರ್ ಎಂಬ ಮಾತಿನ ನಂತರದ್ದು ಯಾವುದೂ ಬೀಳಲಿಲ್ಲ. ಎಲ್ಲ ಕೇಳಿಸಿಕೊಂಡವನ ಹಾಗೆ ತಲೆಯಾಡಿಸಿ, ಕೊನೆಗೆ, "ಹಾಗಾದ್ರೆ ಹರ್ನಿಯಾ ಯಾವಾಗ ಮಾಡ್ತೀರಿ?" ಎಂದು ಕೇಳಿದ.

ಅವನಿಗೂ ಅವನ ತಮ್ಮನಿಗೂ ಸೇರಿ ಒಂದು ಗಾಜಿನ ಅಂಗಡಿ ಇತ್ತು. ಕಿಟಕಿಯ ಗಾಜು, ಕನ್ನಡಿ, ಮೇಜಿನ ಮೇಲಿನ ಗಾಜು ಎಲ್ಲವನ್ನೂ ಅಳತೆಗೆ ಕತ್ತರಿಸಿ, ಮನೆಗೆ ಹೋಗಿ ಕೂರಿಸಿ ಬರುವ ಕೆಲಸ. ಅಣ್ಣ ಕತ್ತರಿಸುವವನು, ಮಾತು ಕಡಿಮೆ. ಬೀದಿಯವರು ಅವನನ್ನು ಗಾಜಣ್ಣ ಎಂದೇ ಕರೆಯುತ್ತಿದ್ದರು. ತಮ್ಮ ಕೂರಿಸುವವನು. ಅವನು ಬಾಯಿ ತೆಗೆದರೆ ಎದುರು ಸಾಲಿನ ಅಂಗಡಿಯವರಿಗೂ ಕೇಳುತ್ತಿತ್ತು. ಹಾಗಾಗಿ ಅವನು ಗಲಾಟೆ. ಗಾಜಣ್ಣನಿಗಿಂತ ನಾಲ್ಕು ವರ್ಷಕ್ಕೆ ಚಿಕ್ಕವನು. ಅಂಗಡಿಗೆ ಬಂದ ಹೊಸಬರು ಮಾತ್ರ ಅವನೇ ಯಜಮಾನ ಎಂದುಕೊಳ್ಳುತ್ತಿದ್ದರು.

ಗಾಜಣ್ಣ ಆಸ್ಪತ್ರೆಯಿಂದ ಬಂದಾಗ ಕ್ಷೌರದ ಅಂಗಡಿಗೆ ಹೋಗಬೇಕಾದ ದೊಡ್ಡ ಕನ್ನಡಿ ತಯಾರಾಗಿ ನಿಂತಿತ್ತು. ಇಬ್ಬರೂ ಎರಡು ತುದಿ ಹಿಡಿದು ಎತ್ತಿದರು. ಗಾಡಿಗೆ ಇಟ್ಟು, ಹಗ್ಗ ಬಿಗಿದು, ಎರಡೂ ಕೈ ಖಾಲಿಯಾದ ಮೇಲೆಯೇ ಗಾಜಣ್ಣ ವಿಷಯ ಹೇಳಿದ. ಮೊದಲೇ ಹೇಳಿದ್ದರೆ ಕನ್ನಡಿ ಉಳಿಯುತ್ತಿರಲಿಲ್ಲ.

ಗಲಾಟೆ ಬಾಯಿ ತೆರೆದುಕೊಂಡು ನಿಂತ. ಅವನ ಬಾಯಿಂದ ಶಬ್ದ ಬರದೆ ಇದ್ದದ್ದನ್ನು ಗಾಜಣ್ಣ ನೋಡಿದ್ದು ಅದೇ ಮೊದಲು.

"ಯಾವ ಗ್ರಂಥಿ ಅಂದೆ?"

"ಪ್ರಾಸ್ಟೇಟ್. ಮೂತ್ರದ ಚೀಲದ ಕೆಳಗಿರುತ್ತಂತೆ."

"ನನಗೂ ಇದೆಯಾ ಅದು?"

"ಗಂಡಸರಿಗೆಲ್ಲ ಇರುತ್ತೆ."

"ಅಲ್ಲ ಕಣಣ್ಣ, ಇಷ್ಟು ವರ್ಷ ಒಳಗೇ ಕೂತಿತ್ತು, ಒಂದು ದಿನ ನಾನು ಇಲ್ಲಿದೀನಿ ಅಂತ ಹೇಳ್ಲಿಲ್ವಲ್ಲ!" ಎಂದು ನಗಲು ನೋಡಿದ. ಆಗಲಿಲ್ಲ. ಗಾಡಿಯ ಹಗ್ಗವನ್ನು ಸುಮ್ಮನೆ ಇನ್ನೊಮ್ಮೆ ಬಿಗಿದ.

ಅಣ್ಣನಿಗೆ ಬಂದಿದ್ದರೆ ತಮ್ಮನೂ ಒಮ್ಮೆ ನೋಡಿಸಿಕೊಳ್ಳುವುದು ಒಳ್ಳೆಯದೆಂದು ಡಾಕ್ಟರು ಹೇಳಿ ಕಳಿಸಿದ್ದರು. ಗಲಾಟೆ ಅಣ್ಣನ ಜೊತೆಗೆ ಇರಲಿ ಎಂಬಂತೆ ಹೋಗಿ ರಕ್ತ ಕೊಟ್ಟು ಬಂದ. ಅವನ ಅಂಕಿಯೂ ಜಾಸ್ತಿ ಬಂದು, ಸೂಜಿಯ ಪರೀಕ್ಷೆಯನ್ನೂ ಮಾಡಿಸಿಕೊಂಡ. ಫಲಿತಾಂಶ ಕೇಳಲು ಹೋದಾಗ ಹೊರಗೆ ಗಾಜಣ್ಣ ಕಾಯುತ್ತಿದ್ದ. ಬಾಗಿಲು ತೆರೆಯಿತು. ಗಲಾಟೆ ಗೋಡೆ ಹಿಡಿದುಕೊಂಡು ಹೊರಗೆ ಬಂದು ಪಕ್ಕದಲ್ಲಿ ಕುಳಿತ.

"ನಂದೂ ಅದೇ" ಎಂದ. ಅವನ ಮಟ್ಟಿಗೆ ಅದು ಪಿಸುಮಾತು.

ಗಾಜಣ್ಣನಿಗೆ ತನ್ನ ಸುದ್ದಿ ಕೇಳಿದಾಗ ಕಿವಿ ಮಾತ್ರ ಮುಚ್ಚಿತ್ತು. ಈಗ ಎದ್ದು ಹೊರಡಬೇಕೆಂಬುದೂ ಹೊಳೆಯಲಿಲ್ಲ. ನೆಲ ಒರೆಸುವವಳು ಬಂದು, "ಸ್ವಲ್ಪ ಕಾಲೆತ್ತಿ" ಎಂದಾಗ ಇಬ್ಬರೂ ಒಟ್ಟಿಗೇ ಕಾಲು ಎತ್ತಿದರು.

ಅವರನ್ನು ವಿಕಿರಣ ವಿಭಾಗದ ಡಾಕ್ಟರಮ್ಮನ ಹತ್ತಿರ ಕಳಿಸಿದರು. ಕೂದಲು ಅರ್ಧ ನರೆತ, ಅವಸರವಿಲ್ಲದ ಹೆಂಗಸು. ಆಪರೇಷನ್ ಮಾಡಿ ಗ್ರಂಥಿ ತೆಗೆಯಬಹುದು, ಹೊರಗಿನಿಂದ ವಿಕಿರಣ ಕೊಡಬಹುದು, ಇಲ್ಲವೆಂದರೆ ಬೀಜ ಕೂರಿಸಬಹುದು ಎಂದು ಬಿಡಿಸಿ ಹೇಳಿದರು. ಅಕ್ಕಿ ಕಾಳಿನಷ್ಟು ಲೋಹದ ಕೊಳವೆಗಳು. ಒಳಗೆ ವಿಕಿರಣ ಸೂಸುವ ವಸ್ತು. ಸೂಜಿಯ ಮೂಲಕ ನೂರರ ಆಸುಪಾಸು ಬೀಜಗಳನ್ನು ಗ್ರಂಥಿಯೊಳಗೆ ಕೂರಿಸಿಬಿಟ್ಟರೆ ಅವು ಅಲ್ಲೇ ಇದ್ದು ಕ್ಯಾನ್ಸರನ್ನು ಸುಡುತ್ತವೆ. ಮಾರನೆಯ ದಿನ ಮನೆಗೆ ಹೋಗಬಹುದು.

"ಇದ್ದ ಬೀಜ ಸಾಲದು ಅಂತ ಇನ್ನೂ ನೂರಾ?" ಎಂದ ಗಲಾಟೆ. ಎದುರಿಗಿರುವುದು ಹೆಂಗಸು ಎಂದು ಆಮೇಲೆ ನೆನಪಾಗಿ ಕಿವಿಯವರೆಗೆ ಕೆಂಪಾದ. ಡಾಕ್ಟರಮ್ಮ ಕನ್ನಡಕ ತೆಗೆದು ನಕ್ಕರು. ಆ ನಗುವಿನಲ್ಲೇ ಇಬ್ಬರೂ ಬೀಜಕ್ಕೆ ಒಪ್ಪಿದರೆಂದು ಹೇಳಬೇಕು.

ಬೀಜದಲ್ಲಿ ಎರಡು ಬಗೆ. ಅಯೋಡಿನ್ನಿನದು ನಿಧಾನ, ಅದರ ಶಕ್ತಿ ಅರ್ಧಕ್ಕೆ ಇಳಿಯಲು ಎರಡು ತಿಂಗಳು ಬೇಕು. ಪಲ್ಲಾಡಿಯಂ ಎಂಬ ಲೋಹದ್ದು ಚುರುಕು. ಎರಡೂವರೆ ವಾರದಲ್ಲೇ ಅರ್ಧ. ಯಾವುದರಿಂದ ರೋಗ ಚೆನ್ನಾಗಿ ವಾಸಿಯಾಗುತ್ತದೆ, ಯಾವುದರಿಂದ ತೊಂದರೆ ಕಡಿಮೆ ಎಂದು ಹೋಲಿಸಿ ನೋಡುವ ಅಧ್ಯಯನವೊಂದು ಆ ಆಸ್ಪತ್ರೆಯಲ್ಲಿ ನಡೆಯುತ್ತಿತ್ತು. ಸೇರುವವರಿಗೆ ಯಾವ ಬೀಜ ಎಂದು ಡಾಕ್ಟರೂ ಆರಿಸುವುದಿಲ್ಲ, ರೋಗಿಯೂ ಆರಿಸುವುದಿಲ್ಲ. ಕಂಪ್ಯೂಟರು ಚೀಟಿ ಎತ್ತಿದ ಹಾಗೆ ಎತ್ತುತ್ತದೆ.

ಸಹಿ ಹಾಕುವ ಮುಂಚೆ ಡಾಕ್ಟರಮ್ಮ ಒಂದೊಂದೇ ಎಚ್ಚರಿಕೆ ಹೇಳಿದರು. ಬಸುರಿಯರ ಹತ್ತಿರ ಹೆಚ್ಚು ಹೊತ್ತು ಕೂರಬಾರದು. ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬಾರದು. ಪಲ್ಲಾಡಿಯಮ್ಮಿಗೆ ಈ ಕಟ್ಟುಪಾಡು ಬೇಗ ಮುಗಿಯುತ್ತದೆ, ಅಯೋಡಿನ್ನಿಗೆ ಎರಡು ತಿಂಗಳು. ಕೊನೆಯದಾಗಿ, "ಇದನ್ನ ಎಲ್ಲರಿಗೂ ಹೇಳಲೇಬೇಕು, ಹೇಳ್ತೀನಿ. ಅಯೋಡಿನ್ ಹಾಕಿಸಿಕೊಂಡ ವರ್ಷದೊಳಗೆ ಬೇರೆ ಯಾವ ಕಾರಣಕ್ಕಾದ್ರೂ ಸಾವು ಬಂದ್ರೆ, ದೇಹ ಸುಡೋ ಮುಂಚೆ ನಮ್ಮನ್ನ ಕೇಳಬೇಕು. ಪಲ್ಲಾಡಿಯಂ ಆದ್ರೆ ಮೂರು ತಿಂಗಳು ದಾಟಿದ್ರೆ ಸಾಕು" ಎಂದರು.

"ಸತ್ತ ಮೇಲೂ ಶಾಕ್ ಹೊಡೀತೀನಾ ನಾನು?" ಎಂದ ಗಲಾಟೆ. ಆಗ ಮೂವರೂ ನಕ್ಕರು.

ಕಂಪ್ಯೂಟರು ಅಣ್ಣನಿಗೆ ಪಲ್ಲಾಡಿಯಂ ಕೊಟ್ಟಿತು, ತಮ್ಮನಿಗೆ ಅಯೋಡಿನ್. ಒಂದೇ ವಾರದಲ್ಲಿ ಇಬ್ಬರಿಗೂ ಕೂರಿಸಿದ್ದಾಯಿತು.

ಆಮೇಲೆ ಅಂಗಡಿಯಲ್ಲಿ ಬೇರೆಯದೇ ಪಂದ್ಯ ಶುರುವಾಯಿತು. ಗಾಜಣ್ಣನಿಗೆ ಮೊದಲ ವಾರಗಳಲ್ಲೇ ಮೂತ್ರದ ಉರಿ, ಅವಸರ ಎಲ್ಲ ಒಟ್ಟಿಗೆ ಬಂದು ಮುತ್ತಿಕೊಂಡವು. ಅಳತೆ ಪಟ್ಟಿ ಇಟ್ಟು ಗೆರೆ ಎಳೆಯುವಷ್ಟರಲ್ಲಿ ಬಚ್ಚಲಿಗೆ ಓಡಬೇಕು. ಅರ್ಧ ಗೆರೆ ಬಿದ್ದ ಗಾಜು ಮೇಜಿನ ಮೇಲೆ ಕಾಯುತ್ತಿತ್ತು.

"ಅಣ್ಣ, ನಿನ್ನ ಪಲ್ಲಾಡಿಯಂ ಜೋರಾಗಿದೆ. ನನ್ನ ಅಯೋಡಿನ್ ನೋಡು, ಮರ್ಯಾದಸ್ಥ" ಎಂದು ಗಲಾಟೆ ಗಿರಾಕಿಗಳ ಎದುರಿಗೇ ಹೇಳುತ್ತಿದ್ದ. ಗಿರಾಕಿಗಳು, ಅಣ್ಣತಮ್ಮ ಇಬ್ಬರೂ ಹೊಸ ಔಷಧಿಯ ಏಜೆನ್ಸಿ ಹಿಡಿದಿದ್ದಾರೆ ಎಂದುಕೊಂಡರೋ ಏನೋ.

ಮುಂದಿನ ತಿಂಗಳು ಲೆಕ್ಕ ತಿರುಗಿತು. ಅಣ್ಣನ ಉರಿ ಇಳಿಯುತ್ತಾ ಬಂತು. ತಮ್ಮನದು ಆಗ ಏರತೊಡಗಿತು, ಏರಿದ್ದು ಇಳಿಯುವ ಲಕ್ಷಣ ಕಾಣಲಿಲ್ಲ. ಈಗ ಬಚ್ಚಲ ಬಾಗಿಲಿಗೆ ಓಡುವವನು ಗಲಾಟೆ.

"ಮರ್ಯಾದಸ್ಥರು ಎಲ್ಲಿಗೆ ಹೊರಟರು?" ಎಂದು ಗಾಜಣ್ಣ ಕೇಳಿದರೆ, "ನಿಂದು ಹುಲ್ಲಿಗೆ ಹತ್ತಿದ ಬೆಂಕಿ ಕಣಣ್ಣ, ಭಗ್ ಅಂತು, ಆರಿಹೋಯ್ತು. ನಂದು ಕೆಂಡ. ಕೆಲಸ ಪೂರ್ತಿ ಮಾಡುತ್ತೆ" ಎಂದು ಒಳಗಿನಿಂದಲೇ ಕೂಗುತ್ತಿದ್ದ.

ನಗುವ ವಿಷಯ ಅಲ್ಲದ್ದು ಒಂದಿತ್ತು. ಗಲಾಟೆಯ ಒಬ್ಬಳೇ ಮಗಳು ಏಳು ತಿಂಗಳ ಬಸುರಿ. ಹೆರಿಗೆಗೆಂದು ಅಪ್ಪನ ಮನೆಗೆ ಬಂದಿದ್ದಳು. ಅವಳು ಸೋಫಾದಲ್ಲಿ ಕುಳಿತರೆ ಇವನು ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂರಬೇಕು. ಊಟಕ್ಕೆ ಮೇಜಿನ ಆ ಕೊನೆ, ಈ ಕೊನೆ. ಹೆರಿಗೆ ನಿರೀಕ್ಷಿಸಿದ್ದಕ್ಕಿಂತ ಸ್ವಲ್ಪ ಮುಂಚೆಯೇ ಆಯಿತು. ಹೆಣ್ಣು ಮಗು. ಅಯೋಡಿನ್ನಿನ ಎರಡು ತಿಂಗಳು ಇನ್ನೂ ಮುಗಿದಿರಲಿಲ್ಲ.

ಗಾಜಣ್ಣ ನೋಡಲು ಹೋದಾಗ ಬಾಣಂತಿ ಖುಷಿಯಲ್ಲಿ, "ದೊಡ್ಡಪ್ಪ, ಎತ್ಕೊಳ್ಳಿ. ನಿಮ್ಮದು ಮುಗೀತಲ್ಲ, ಡಾಕ್ಟರ್ ಹೇಳಿದಾರೆ" ಎಂದು ಮಗುವನ್ನು ಅವನ ಕೈಗೆ ಕೊಟ್ಟುಬಿಟ್ಟಳು. ಗಾಜಣ್ಣ ಎತ್ತಿಕೊಂಡ. ತಲೆ ಎತ್ತಿದರೆ ಎದುರಿನ ಗೋಡೆಗೆ ಒರಗಿ ನಿಂತ ತಮ್ಮನ ಮುಖ.

"ಕೊಡು, ಕೊಡು. ಎಲ್ಲರೂ ಎತ್ಕೊಳ್ಳಿ" ಎಂದ ಗಲಾಟೆ. "ಅಜ್ಜ ಅನ್ನಿಸಿಕೊಂಡೋನು ಕಸಬರಿಗೆ ಥರ ಮೂಲೇಲಿ ನಿಂತಿರ್ತಾನೆ."

"ಇನ್ನೆರಡು ವಾರ ತಾನೇ" ಎಂದಳು ಅವನ ಹೆಂಡತಿ.

"ನಿನಗೇನು ಗೊತ್ತು ಸುಮ್ನಿರೇ!" ಎಂದು ಅರಚಿದ. ಮಗು ಬೆಚ್ಚಿ ಅತ್ತಿತು. ಗಲಾಟೆ ಚಪ್ಪಲಿ ಕೂಡ ಹಾಕಿಕೊಳ್ಳದೆ ಹೊರಗೆ ಹೋದ. ನಾಲ್ಕೈದು ದಿನ ಅಣ್ಣನ ಜೊತೆ ಮಾತಿಲ್ಲ. ಅಂಗಡಿಯಲ್ಲಿ ಗಾಜು ಎತ್ತುವಾಗ "ಹ್ಞೂ", ಇಳಿಸುವಾಗ "ಹ್ಞೂ", ಅಷ್ಟೇ.

ಎರಡು ತಿಂಗಳು ದಾಟಿ ಡಾಕ್ಟರಮ್ಮ ಸರಿ ಎಂದ ದಿನ ಅವನು ಆಸ್ಪತ್ರೆಯಿಂದ ನೇರ ಮನೆಗೆ ಹೋಗಿ ಮಗುವನ್ನು ಎತ್ತಿಕೊಂಡವನು ಸಂಜೆಯವರೆಗೆ ಕೆಳಗಿಡಲಿಲ್ಲವಂತೆ. ಮಾರನೆಯ ದಿನ ಅಂಗಡಿಗೆ ಬಂದು, "ನಿನ್ನ ಕೈಗೆ ಬಂದಾಗ ಅತ್ತಿತ್ತಲ್ಲ, ನನ್ನ ಕೈಯಲ್ಲಿ ಅಳಲಿಲ್ಲ" ಎಂದ. ಅತ್ತದ್ದು ಯಾರಿಂದ ಎಂದು ಗಾಜಣ್ಣ ಎತ್ತಿ ಆಡಲಿಲ್ಲ. ಇಬ್ಬರಿಗೂ ಮಾತು ಬಂತು.

ನಾಲ್ಕನೆಯ ತಿಂಗಳಲ್ಲಿ ಒಂದು ದಿನ ಬೆಳಿಗ್ಗೆ ಗಲಾಟೆ ಹೊಸ ಕಟ್ಟಡವೊಂದಕ್ಕೆ ಕಿಟಕಿ ಗಾಜು ಕೂರಿಸಲು ಹೋಗಿದ್ದ. ಊಟದ ಹೊತ್ತಿಗೆ ಗಾಜಣ್ಣನಿಗೆ ಆ ಕಟ್ಟಡದ ಮೇಸ್ತ್ರಿಯ ಫೋನು ಬಂತು. "ನಿಮ್ಮ ತಮ್ಮ ಮೆಟ್ಟಿಲ ಮೇಲೆ ಕೂತ್ರು. ನೀರು ಕೇಳಿದ್ರು. ತರೋವಷ್ಟರಲ್ಲಿ..."

ಹತ್ತಿರದ ಆಸ್ಪತ್ರೆಯವರು ಹೃದಯ ನಿಂತು ಹೋಗಿದೆ ಎಂದರು. ಬೀಜಕ್ಕೂ ಇದಕ್ಕೂ ಸಂಬಂಧವಿಲ್ಲ, ಕ್ಯಾನ್ಸರಿಗೂ ಸಂಬಂಧವಿಲ್ಲ. ತಮ್ಮನ ಬೆರಳುಗಳಿಗೆ ಇನ್ನೂ ಕಿಟಕಿಗೆ ಹಚ್ಚುವ ಪುಟ್ಟಿ ಅಂಟಿಕೊಂಡಿತ್ತು. ಗಾಜಣ್ಣ ತನ್ನ ಉಗುರಿನಿಂದ ಅದನ್ನು ಕೆರೆದು ತೆಗೆಯುತ್ತಾ ಕುಳಿತ. ಅಳು ಬರಲಿಲ್ಲ. ಯಾರೋ ಬಂದು ಇದೆಲ್ಲ ತಪ್ಪು ತಿಳುವಳಿಕೆ ಎನ್ನುತ್ತಾರೆ, ಎದ್ದು ಅಂಗಡಿಗೆ ಹೋಗುವುದಷ್ಟೇ ಬಾಕಿ ಎನ್ನಿಸುತ್ತಿತ್ತು.

ತಮ್ಮನ ಹೆಂಡತಿ ಬಂದಳು. ಮಗುವನ್ನು ಗಾಜಣ್ಣನ ಹೆಂಡತಿಯ ಕೈಗೆ ಕೊಟ್ಟು ಮಗಳು, ಅಳಿಯ ಬಂದರು. ಅಳುವಷ್ಟು ಅತ್ತ ಮೇಲೆ ಅಳಿಯ ಫೋನು ಹಿಡಿದು ಅತ್ತಿತ್ತ ಓಡಾಡಿ, "ದೊಡ್ಡಮಾವ, ವಿದ್ಯುತ್ ಚಿತಾಗಾರದಲ್ಲಿ ಸಂಜೆಗೇ ಜಾಗ ಸಿಕ್ಕಿದೆ. ಇಲ್ಲಿಂದ್ಲೇ ನೇರ ಹೋಗಬಹುದು" ಎಂದ.

ಆಗ ಗಾಜಣ್ಣನಿಗೆ ಡಾಕ್ಟರಮ್ಮನ ಮಾತು ನೆನಪಾಯಿತು. ಈ ಹೊತ್ತಿನಲ್ಲಿ, ಈ ಹೆಂಗಸಿನ ಎದುರು, ಆ ಮಾತನ್ನು ಯಾವ ಬಾಯಿಂದ ಆಡುವುದು? ಸುಮ್ಮನಿದ್ದುಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಚಿತಾಗಾರದಲ್ಲಿ ಬೂದಿ ಬಾಚುವವರೂ ಮನುಷ್ಯರೇ.

"ಇವತ್ತು ಬೇಡಪ್ಪ" ಎಂದ. "ಮೊದಲು ಆ ಡಾಕ್ಟರಮ್ಮನ್ನ ಕೇಳಬೇಕು."

"ಕೇಳೋಕೆ ಏನಿದೆ ಇನ್ನು?" ಎಂದಳು ತಮ್ಮನ ಹೆಂಡತಿ.

"ಅವನೊಳಗಿನ ಬೀಜ ಇನ್ನೂ ಆರಿಲ್ಲಮ್ಮ. ವರ್ಷ ಆಗೋವರೆಗೆ ಹಾಗೇ ಸುಡಬಾರದು ಅಂದಿದ್ರು. ಬೂದೀಲಿ ಉಳಿಯುತ್ತೆ, ಹೊಗೇಲೂ ಹೋಗಬಹುದು."

ಅವಳು ಅವನನ್ನೇ ನೋಡಿದಳು. ಮಾತು ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದದ್ದು ಮುಖದಲ್ಲಿ ಕಂಡಾಗ ಗಾಜಣ್ಣ ಕಣ್ಣು ಬೇರೆ ಕಡೆ ತಿರುಗಿಸಿದ.

"ಏನು ಹೇಳ್ತಿದೀರಿ ಭಾವ? ನನ್ನ ಗಂಡನ್ನ ಸುಟ್ರೆ ಜನಕ್ಕೆ ವಿಷ ಆಗುತ್ತೆ ಅಂತಾನಾ?"

"ಹಾಗಲ್ಲಮ್ಮ..."

"ನಿಮ್ಮದು? ನಿಮ್ಮೊಳಗೂ ಹಾಕಿದ್ರಲ್ಲ, ನಿಮ್ಮದು?"

"ನಂದು ಆರಿಹೋಗಿದೆ. ಮೂರು ತಿಂಗಳು ಆಯ್ತಲ್ಲ."

"ಆ ಕಂಪ್ಯೂಟರು ನಿಮಗೆ ಅವರದನ್ನ ಕೊಟ್ಟು ಅವರಿಗೆ ನಿಮ್ಮದನ್ನ ಕೊಟ್ಟಿದ್ರೆ..." ಎಂದವಳು ಅರ್ಧಕ್ಕೇ ನಿಲ್ಲಿಸಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮಗಳು ಅವಳ ಹೆಗಲು ಹಿಡಿದುಕೊಂಡಳು. ಅದೇ ಮಾತು ಗಾಜಣ್ಣನ ತಲೆಯಲ್ಲೂ ಚಿತಾಗಾರದ ಮಾತು ಬಂದಾಗಿನಿಂದ ಸುತ್ತುತ್ತಿತ್ತು.

ಫೋನು ಮಾಡಿದ ಮೇಲೆ ದೇಹವನ್ನು ಆ ದೊಡ್ಡ ಆಸ್ಪತ್ರೆಗೇ ಒಯ್ದರು. ಡಾಕ್ಟರಮ್ಮ ಬಾಗಿಲಲ್ಲೇ ಕಾಯುತ್ತಿದ್ದರು. ಅವರ ಮುಖವೂ ಬಿಳಿಚಿಕೊಂಡಿತ್ತು. ಕಳೆದ ತಿಂಗಳಷ್ಟೇ ಗಲಾಟೆ ಅವರ ಕೋಣೆಯ ಕಿಟಕಿಯ ಸೀಳು ಗಾಜು ನೋಡಿ, ತಾನೇ ಹೊಸದನ್ನು ತಂದು ಕೂರಿಸಿ ಹೋಗಿದ್ದ.

ಅವರು ಎಲ್ಲರನ್ನೂ ಒಂದು ಕೋಣೆಗೆ ಕರೆದುಕೊಂಡು ಹೋಗಿ ನೀರು ಕೊಟ್ಟರು. ಎರಡೇ ದಾರಿ ಎಂದರು. ಸುಡದೆ ಮಣ್ಣು ಮಾಡಬಹುದು. ಇಲ್ಲವೆಂದರೆ ಆ ಗ್ರಂಥಿಯೊಂದನ್ನು ಬೀಜಗಳ ಸಮೇತ ತೆಗೆದು, ಆಮೇಲೆ ಎಲ್ಲರ ಹಾಗೆಯೇ ಸುಡಬಹುದು.

"ಕೊಯ್ತೀರಾ?" ಎಂದಳು ಮಗಳು. "ಸತ್ತ ಮೇಲೆ ಅಪ್ಪನ್ನ ಕೊಯ್ತೀರಾ?"

"ಸಣ್ಣ ಗಾಯ. ನಾನು ಪಕ್ಕದಲ್ಲೇ ನಿಂತಿರ್ತೀನಿ. ಹೊಲಿದು, ಶುಚಿ ಮಾಡಿ ಕೊಡ್ತೀವಿ. ಆದರೆ ನೀವು ಬೇಡ ಅಂದ್ರೆ ಮುಟ್ಟೋದಿಲ್ಲ."

ಕೋಣೆಯಲ್ಲಿ ಎಲ್ಲರೂ ತಮ್ಮನ ಹೆಂಡತಿಯನ್ನು ನೋಡಿದರು. ಅವಳು ನೀರಿನ ಲೋಟವನ್ನು ಮೇಜಿನ ಮೇಲಿಟ್ಟಳು.

"ಮಣ್ಣು ಬೇಡ" ಎಂದಳು. "ಲಿಫ್ಟಿಗೇ ಹತ್ತದ ಮನುಷ್ಯ. ಏಳನೇ ಮಹಡಿಗೂ ಗಾಜು ಹೊತ್ಕೊಂಡು ಮೆಟ್ಟಿಲಲ್ಲೇ ಹೋಗ್ತಿದ್ರು. ಮುಚ್ಚಿದ ಜಾಗ ಅಂದ್ರೆ ಉಸಿರು ಕಟ್ಟುತ್ತೆ ಅವರಿಗೆ. ತೆಗೀರಿ."

ಆ ಕೆಲಸ ಮುಗಿಯುವವರೆಗೆ ಅವರು ಹೊರಗಿನ ಬೆಂಚಿನ ಮೇಲೆ ಕುಳಿತರು. ಎದುರಿನ ಗೋಡೆಯಲ್ಲಿ ಒಂದು ಗಡಿಯಾರ. ಯಾರೂ ಅದನ್ನು ನೋಡಲಿಲ್ಲ. ತಮ್ಮನ ಹೆಂಡತಿ ಬಂದು ಗಾಜಣ್ಣನ ಪಕ್ಕ ಕುಳಿತಳು.

"ಆಗ ಅಂದಿದ್ದು ಮನಸ್ಸಿಗೆ ಹಚ್ಕೋಬೇಡಿ ಭಾವ."

"ಇಲ್ಲಮ್ಮ."

"ನೀವು ಹೇಳದೇ ಇದ್ದಿದ್ರೆ ನಮಗೆ ಯಾರಿಗೂ ಗೊತ್ತಾಗ್ತಿರಲಿಲ್ಲ."

"ಹ್ಞೂ."

"ಹೇಳಿದ್ದು ಸರಿ" ಎಂದಳು. ಹಾಗೆ ಹೇಳಿ ಅವನ ಭುಜಕ್ಕೆ ತಲೆಯಿಟ್ಟು, ಮದುವೆಯಾಗಿ ಬಂದಂದಿನಿಂದ ಅವನ ಎದುರು ಜೋರಾಗಿ ಮಾತೂ ಆಡದಿದ್ದವಳು, ಹೋ ಎಂದು ಅತ್ತಳು. ಗಾಜಣ್ಣನಿಗೂ ಆಗಲೇ ಅಳು ಬಂದದ್ದು. ಬಂದದ್ದು ನಿಲ್ಲಲಿಲ್ಲ.

ಬಾಗಿಲು ತೆರೆದು ಡಾಕ್ಟರಮ್ಮ ಬಂದರು. ಅವಳು ಕಣ್ಣೊರೆಸಿಕೊಂಡು ಎದ್ದು ನಿಂತು, "ಅದನ್ನ ಏನು ಮಾಡ್ತೀರಿ?" ಎಂದು ಕೇಳಿದಳು.

"ಸೀಸದ ಡಬ್ಬಿಯಲ್ಲಿ ಇಡ್ತೀವಿ, ಪೂರ್ತಿ ಆರೋವರೆಗೆ."

"ಅಂದ್ರೆ ಈಗಲೂ ಅದು ಕೆಲಸ ಮಾಡ್ತಾನೇ ಇದೆ."

"ಹೌದು" ಎಂದರು ಡಾಕ್ಟರಮ್ಮ.

ಮಾರನೆಯ ಬೆಳಿಗ್ಗೆ ಚಿತಾಗಾರದಲ್ಲಿ ಎಲ್ಲ ಮುಗಿಯಿತು. ಕ್ಷೌರದ ಅಂಗಡಿಯವನು, ಮೇಸ್ತ್ರಿ, ಬೀದಿಯ ಎರಡೂ ಸಾಲಿನವರು ಬಂದಿದ್ದರು.

ಗಾಜಣ್ಣನಿಗೆ ಮುಂದಿನ ರಕ್ತಪರೀಕ್ಷೆ ಬಂದಾಗ ಹೋಗಲು ಮನಸ್ಸಿರಲಿಲ್ಲ. ತಮ್ಮನ ಹೆಂಡತಿಯೇ, "ನಾನೂ ಬರ್ತೀನಿ, ಏಳಿ" ಎಂದು ಹೊರಡಿಸಿದಳು. ಡಾಕ್ಟರಮ್ಮ ಕಾಗದ ನೋಡಿ, ಇನ್ನೊಮ್ಮೆ ನೋಡಿ, ಅವನ ಕಡೆ ತಿರುಗಿಸಿದರು. ಅಂಕಿ ಪಾತಾಳಕ್ಕೆ ಇಳಿದಿತ್ತು.

"ತುಂಬಾ ಚೆನ್ನಾಗಿದೆ. ನಾವು ಅಂದ್ಕೊಂಡಿದ್ದಕ್ಕಿಂತ ಬೇಗ ಇಳಿದಿದೆ" ಎಂದರು.

ಕೆಟ್ಟ ಸುದ್ದಿ ಕೇಳಿ ಕೇಳಿ ಗಾಜಣ್ಣನ ಮೈ ಅದಕ್ಕೇ ಒಗ್ಗಿಹೋಗಿತ್ತು. ಒಳ್ಳೆಯ ಸುದ್ದಿ ಬಂದು ಬಡಿಯುತ್ತದೆಂದು ಅವನು ನೆನೆಸಿರಲಿಲ್ಲ. ಕುರ್ಚಿಯ ಕೈ ಹಿಡಿದುಕೊಂಡ. ಬದುಕಿದೆನೆಂದು ಸಂತೋಷಪಡಬೇಕೋ, ಯಾಕೆ ಬದುಕಿದೆ ಎಂದು ನಾಚಬೇಕೋ ಗೊತ್ತಾಗದೆ ಕೂತ.

"ಹಾಗಾದ್ರೆ ಎರಡರಲ್ಲಿ ಯಾವುದು ಮೇಲು ಅಂತ ಗೊತ್ತಾಯ್ತಾ?" ಎಂದು ಕೇಳಿದ, ಏನಾದರೂ ಕೇಳಬೇಕೆಂದು.

"ಇನ್ನೂ ಇಲ್ಲ. ವರ್ಷಗಟ್ಟಲೆ ನೋಡಬೇಕು. ಬಹುಶಃ ಎರಡೂ ಸಮ ಅಂತಲೇ ಬರಬಹುದು. ಉರಿ ಯಾವಾಗ, ಎಷ್ಟು ದಿನ ಅನ್ನೋದಷ್ಟೇ ವ್ಯತ್ಯಾಸ."

"ಸಮ ಹೇಗಾಗುತ್ತೆ?" ಎಂದಳು ತಮ್ಮನ ಹೆಂಡತಿ. ಇಬ್ಬರೂ ತಿರುಗಿ ನೋಡಿದರು. ಅವಳು ಕಾಗದವನ್ನು ಮೇಜಿನಿಂದ ಎತ್ತಿ, ಆ ಅಂಕಿಯ ಮೇಲೆ ಬೆರಳಿಟ್ಟಳು. "ಅವರಿದ್ದಿದ್ರೆ ಅವರದು ಇದಕ್ಕಿಂತ ಕೆಳಗಿಳೀತಿತ್ತು. ಅವರದು ಕೆಂಡ."

ಗಾಜಣ್ಣನ ಗಂಟಲಿನಿಂದ ಏನೋ ಒಂದು ಶಬ್ದ ಹೊರಟಿತು. ಅದು ನಗು ಎಂದು ತಿಳಿಯಲು ಅವನಿಗೇ ಒಂದು ಕ್ಷಣ ಬೇಕಾಯಿತು. ಡಾಕ್ಟರಮ್ಮ ಕನ್ನಡಕ ತೆಗೆದರು. ತಮ್ಮನ ಹೆಂಡತಿಯೂ ನಕ್ಕಳು; ನಕ್ಕಿದ್ದಕ್ಕೆ ತಾನೇ ಬೆಚ್ಚಿದವಳಂತೆ ಬಾಗಿಲ ಕಡೆ ನೋಡಿದಳು, ಹೊರಗೆ ಕಾಯುವವರಿಗೆ ಕೇಳಿಸಿತೇನೋ ಎಂದು.

"ನಡೀರಿ ಭಾವ" ಎಂದು ಎದ್ದಳು. "ಮನೇಲಿ ಮಗೂನ ನಿಮ್ಮ ಹೆಂಡತಿ ಒಬ್ರೇ ನೋಡ್ಕೊಳ್ತಿದಾರೆ. ಕೂಸಿಗೀಗ ಹಲ್ಲು ಬರ್ತಿದೆ, ಸಿಕ್ಕಿದ್ದನ್ನೆಲ್ಲ ಕಚ್ತಾಳೆ."